ಬಸ್ಸಿನ ವಯಸ್ಸು, ಸಾಲಿಯ ವಯಸ್ಸು

ನಿವೃತ್ತಿಯಾಗಿ ಮೂರು ವರ್ಷವಾದರೂ ನನ್ನ ಕಿವಿಗಳು ಇನ್ನೂ ಡ್ಯೂಟಿ ಬಿಟ್ಟಿಲ್ಲ. ಶಹಾಬಾದಿನ ನಮ್ಮ ಓಣಿಯಲ್ಲಿ ಯಾವ ಕೂಸು ಅತ್ತರೂ ಒಲೆಯ ಮೇಲಿನ ಒಗ್ಗರಣೆ ಬಿಟ್ಟು ಕಿಟಕಿಗೆ ಹೋಗಿ ನಿಲ್ಲುತ್ತೇನೆ. ಹಸಿವಿನ ಅಳು ಬೇರೆ, ಹಟದ ಅಳು ಬೇರೆ, ಕಿವಿನೋವಿನ ಅಳು ಬೇರೆ. ಅಳು ಜೋರಾಗಿದ್ದರೆ ಸಮಾಧಾನದಿಂದ ಒಲೆಯ ಹತ್ತಿರ ಬರುತ್ತೇನೆ. ಜೋರಾಗಿ ಅಳುತ್ತಿದ್ದ ಕೂಸು ತಟ್ಟನೆ ಸುಮ್ಮನಾದರೆ ಚಪ್ಪಲಿ ಮೆಟ್ಟುತ್ತೇನೆ. "ಬಂದ್ರು ನೋಡ್ರಿ ಸಿಸ್ಟರ್‌ಬಾಯಿ, ಕೂಸು ಮಲಗಿದ್ರೂ ಅಂಜತಾರ" ಎಂದು ಮಗ್ಗಲ ಮನೆಯ ಸೊಸೆ ನಗುತ್ತಾಳೆ. ನಗಲಿ ಪಾಪ, ಅವಳು ಕ್ಯಾಜುವಾಲ್ಟಿ ನೋಡಿದವಳಲ್ಲ.

ನಾನು ನೋಡಿದವಳು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ಈ ಐದು ಊರುಗಳ ಸರಕಾರಿ ದವಾಖಾನೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸ್ಟಾಫ್ ನರ್ಸ್ ಆಗಿ ತಿರುಗಿದೆ. ಅದರಲ್ಲಿ ಬಹುಪಾಲು ಕಳೆದದ್ದು ಕ್ಯಾಜುವಾಲ್ಟಿಯಲ್ಲಿ, ಅಂದರೆ ಓಡಿ ಬಂದವರನ್ನು ಮೊದಲು ಮಲಗಿಸುವ ಆ ಮುಂದಿನ ಖೋಲಿಯಲ್ಲಿ. ಪ್ರಮೋಷನ್ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದನ್ನು ಬರೆಯಹೋದರೆ ನನಗೇ ಆಕಳಿಕೆ ಬರುತ್ತದೆ. ಬರೆಯಬೇಕೆನ್ನಿಸಿದ್ದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರ ಫೋನಿನಿಂದ. "ಮೇಡಂ, ದೊಡ್ಡವ್ರು ಬಂದ್ರ ನಡೀತದ್ರಿ, ಸಣ್ಣ ಮಕ್ಕಳು ಬಂದ್ರ ಕೈಕಾಲ ನಡಗತಾವ" ಎನ್ನುತ್ತಾರೆ. ನಡುಗಲಿ ಬಿಡಿ. ನಡುಗದ ಕೈ ಕಂಡರೇ ನನಗೆ ಭಯ. ನನ್ನ ಕೈ ನಡುಗದೆ ಇದ್ದದ್ದು ಒಂದೇ ದಿನ, ಅದರ ಕಥೆಯನ್ನೇ ಮುಂದೆ ಹೇಳುತ್ತೇನೆ. ಅದು ನಡೆದದ್ದು ಯಾವ ಊರಿನಲ್ಲಿ ಎಂದು ಮಾತ್ರ ಕೇಳಬೇಡಿ.

ಮೊದಲು, ಮಕ್ಕಳು ಹೇಗೆ ಬರುತ್ತಾರೆ ಎಂಬುದನ್ನು ತಿಳಿಯಿರಿ. ದೊಡ್ಡವರು ತಮ್ಮ ಕಾಲ ಮೇಲೆ ಬರುತ್ತಾರೆ ಇಲ್ಲವೇ ಸ್ಟ್ರೆಚರಿನಲ್ಲಿ ಬರುತ್ತಾರೆ. ಮಕ್ಕಳು ಬರುವುದು ಯಾರದೋ ಎದೆಗೆ ಅಂಟಿಕೊಂಡು. ಒಂದು ಕೂಸಿನ ಹಿಂದೆ ಐದು ಜನ, ಐವರದ್ದೂ ಐದು ಕಥೆ. ಅವ್ವ "ಮುಂಜಾನಿಂದ ಉಣ್ಣಂಗಿಲ್ಲ" ಎಂದರೆ ಕಾಕಾ "ಈಗ ಬಿಸ್ಕೀಟ ತಿಂದಾನಲ್ಲ" ಎನ್ನುತ್ತಾನೆ. ಮುತ್ಯಾ, ಅಂದರೆ ಅಜ್ಜ, ದೃಷ್ಟಿಯಾಗಿದೆ ಎನ್ನುತ್ತಾರೆ. ಬಾಯಿಬಿಡದವನೆಂದರೆ ಬಿಮಾರಿ ಇರುವವನೊಬ್ಬನೇ, ಅವನಿಗೆ ಹೇಳಲು ಬರುವುದಿಲ್ಲ. ಹೊಟ್ಟೆ ತೋರಿಸಿದರೆ ಗಂಟಲು ನೋಯುತ್ತಿರುತ್ತದೆ.

ವಾಡಿಯಲ್ಲಿ ಒಮ್ಮೆ ಸೀಮೆಎಣ್ಣೆ ಕುಡಿದ ಕೂಸನ್ನು ಕಾಲು ಹಿಡಿದು ತಲೆಕೆಳಗು ಮಾಡಿಕೊಂಡೇ ಓಡಿ ಬಂದಿದ್ದರು, ವಾಂತಿಯಾಗಲಿ ಎಂದು. ವಾಂತಿ ಮಾಡಿಸಿದರೆ ಆ ಎಣ್ಣೆ ಪುಪ್ಪುಸಕ್ಕೆ ಹೋಗುತ್ತದೆ ಎಂದು ನಾನು ಅರಚುತ್ತಿದ್ದರೆ ಅವರು "ಸಿಸ್ಟರ್ ಸಿಟ್ಟಿನಾಕಿ" ಎಂದು ಮುಖ ತಿರುವಿದರು. ಸೇಡಂನಲ್ಲಿದ್ದಾಗ ಆಡಕಿ ಹಳ್ಳಿಯ ಕಡೆಯಿಂದ ತೊಗರಿಗೆ ಹೊಡೆಯುವ ಔಷಧವನ್ನು ತಂಪು ಪಾನೀಯದ ಬಾಟಲಿಯಲ್ಲಿ ಹಾಕಿಟ್ಟವರು ಬಂದರು, ಹುಡುಗಿ ಅದನ್ನು ಶರಬತ್ತೆಂದು ಕುಡಿದಿದ್ದಳು. ಬಾಟಲಿ ತಂದಿದ್ದಾರೆಯೇ ಎಂದು ಕೇಳಿದರೆ "ಬಾಟ್ಲಿ ಒಡದು ಹಾಕಿ ಬಂದೀವ್ರಿ, ಸಿಟ್ಟ ಬಂತು" ಎಂದರು. ಯಾವ ವಿಷ ಎಂದು ತಿಳಿಯುವ ಒಂದೇ ಗುರುತನ್ನು ಸಿಟ್ಟಿಗೆ ಬಲಿ ಕೊಟ್ಟಿದ್ದರು. ಆ ಹುಡುಗಿ ಬದುಕಿದಳು, ನನ್ನ ಅರ್ಧ ಆಯುಷ್ಯ ಮಾತ್ರ ಅಲ್ಲೇ ಮುಗಿಯಿತು. ಚಿಂಚೋಳಿಯಲ್ಲಿ ಚೇಳು ಕಡಿದ ಮಕ್ಕಳು. ಶಹಾಬಾದಿನಲ್ಲಿ ಕಲ್ಲಿನ ಖಣಿಯ ನೀರಿಗೆ ಇಳಿದ ಮಕ್ಕಳು, ಅವರ ವಿಷಯ ನಾನು ಬರೆಯಲಾರೆ.

ನನಗೆ ಕೆಲಸ ಕಲಿಸಿದವರು ಇನ್‌ಚಾರ್ಜ್ ಸಿಸ್ಟರ್ ಸರೋಜಾಬಾಯಿ. ಭಾರಿ ಮೈಯ, ಭಾರಿ ಮಾತಿನ ಹೆಂಗಸು. ಹತ್ತಿಯ ಉಂಡೆಯೊಂದು ಹೆಚ್ಚಿಗೆ ಖರ್ಚಾದರೂ ಸ್ಟಾಕ್ ರಜಿಸ್ಟರ್ ಹಿಡಿದು ನಿಲ್ಲುತ್ತಿದ್ದರು. ಈ ಖೋಲಿಯ ಕತ್ತರಿ ಆ ಖೋಲಿಗೆ ಹೋಗುವಂತಿಲ್ಲ. ನಾವು ಹುಡುಗಿಯರು ಅವರಿಗೆ 'ಕೀಲಿಬಾಯಿ' ಎಂದು ಹೆಸರಿಟ್ಟಿದ್ದೆವು, ಸೊಂಟದಲ್ಲಿ ಸದಾ ಕೀಲಿಗಳ ಗೊಂಚಲು ಇರುತ್ತಿದ್ದುದರಿಂದ.

ಅವರು ಕಲಿಸಿದ ಮೊದಲ ಪಾಠ ಇದು. ನಾನು ಕೆಲಸಕ್ಕೆ ಸೇರಿದ ಹೊಸತು. ಒಂದೇ ಹೊತ್ತಿಗೆ ಎರಡು ಕೂಸು ಬಂದವು. ಒಂದರ ಹಣೆ ಒಡೆದು ಮುಖವೆಲ್ಲ ರಕ್ತ, ಇಡೀ ದವಾಖಾನೆ ಕಿತ್ತು ಹೋಗುವ ಹಾಗೆ ಚೀರುತ್ತಿತ್ತು. ಇನ್ನೊಂದು ಅವ್ವನ ಮಡಿಲಲ್ಲಿ ಕಣ್ಣು ಅರ್ಧ ಮುಚ್ಚಿ ಸುಮ್ಮನೆ ಮಲಗಿತ್ತು. ನಾನು ರಕ್ತದ ಕಡೆ ಓಡಿದೆ. ಸರೋಜಾಬಾಯಿ ನನ್ನ ರಟ್ಟೆ ಹಿಡಿದು ಇನ್ನೊಂದರ ಕಡೆ ಎಳೆದರು. ಆ ಕೂಸಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಚಿವುಟಿದ ಮಡಿಕೆ ಹಾಗೇ ನಿಂತಿತ್ತು, ಇಳಿಯಲಿಲ್ಲ. ಎರಡು ದಿನದ ವಾಂತಿಭೇದಿಯಲ್ಲಿ ಮೈಯ ನೀರೆಲ್ಲ ಹೋಗಿತ್ತು.

"ಚೀರೋ ಕೂಸಿಗಿ ಉಸಿರದ, ಅದಕ್ಕ ಚೀರ್ತದ," ಎಂದರು ಸರೋಜಾಬಾಯಿ. "ಸುಮ್ಮ ಇದ್ದದ್ದ ಮೊದಲ ನೋಡು."

ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಗಾದೆಯಿದೆ. ಕ್ಯಾಜುವಾಲ್ಟಿಯಲ್ಲಿ ಆ ಗಾದೆಯನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕು.

ಎರಡನೆಯ ಪಾಠ ಕಲಿಸಿದವರು ಯಾರೂ ಇಲ್ಲ. ಅದನ್ನು ನಾನೇ ಒಂದು ಕೂಸಿನ ಉಸಿರಿನ ಮೇಲೆ ಕಲಿತೆ.

ಅದಕ್ಕೆ ಮೊದಲು ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ನಮ್ಮಲ್ಲಿ ಒಂದೊಂದು ಕೂಸಿಗೂ ಮೂರು ವಯಸ್ಸು ಇರುತ್ತವೆ. ಹುಟ್ಟಿದ ವಯಸ್ಸು ಒಂದು, ಅದು ಅವ್ವನಿಗೆ ಮಾತ್ರ ಗೊತ್ತು. ಇನ್ನೊಂದು ಬಸ್ಸಿನ ವಯಸ್ಸು. ಆರು ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲವಾದ್ದರಿಂದ ಮೀಸೆ ಮೂಡುವವರೆಗೂ ಕೂಸಿಗೆ ಐದೇ ವರ್ಷ. ಮೂರನೆಯದು ಸಾಲಿಯ ವಯಸ್ಸು, ಅಂದರೆ ಶಾಲೆಯದು. ಅಕ್ಕನ ಜೊತೆ ತಮ್ಮನನ್ನೂ ಸಾಲಿಗೆ ಹಾಕಿಬಿಟ್ಟರೆ ಮನೆಯವರು ಹೊಲಕ್ಕೆ ಹೋಗಬಹುದು, ಹಾಗಾಗಿ ನಾಲ್ಕು ವರ್ಷದ್ದು ಜೂನ್ ತಿಂಗಳಲ್ಲಿ ರಾತ್ರೋರಾತ್ರಿ ಆರು ವರ್ಷದ್ದಾಗುತ್ತದೆ. ಮನೆಯಲ್ಲಿ ಹೆರಿಗೆಯಾದ ಮಕ್ಕಳು, ಕಾಗದ ಪತ್ರ ಇಲ್ಲ, ಹೇಳಿದ್ದೇ ವಯಸ್ಸು. ಇದರಲ್ಲಿ ಯಾರಿಗೂ ಮೋಸದ ಬುದ್ಧಿ ಇರಲಿಲ್ಲ. ನಮ್ಮವ್ವ ಕೂಡ ನನಗೆ ಹೀಗೆಯೇ ಮಾಡಿದ್ದಳು, ಆದ್ದರಿಂದ ನಾನು ಸರಕಾರಿ ಲೆಕ್ಕದಲ್ಲಿ ಒಂದೂವರೆ ವರ್ಷ ಮೊದಲೇ ನಿವೃತ್ತಿಯಾದೆ.

ಸಾಲಿಗಳು ಶುರುವಾದ ಒಂದು ಜೂನ್ ತಿಂಗಳು, ಮಧ್ಯಾಹ್ನ ಎರಡರ ಸುಮಾರು. ಈಗ್ಗೆ ಹದಿನೈದು ವರ್ಷವಾಗಿರಬೇಕು. ಕ್ಯಾಜುವಾಲ್ಟಿಯಲ್ಲಿ ಸಿಸ್ಟರ್ ಎಂದರೆ ನಾನೊಬ್ಬಳೇ. ತುಟಿ ಸೀಳಿಕೊಂಡ ಹುಡುಗನೊಬ್ಬ ಟೇಬಲ್ಲಿನ ಮೇಲೆ ಕುಳಿತು ಊರಿಗೇ ಕೇಳುವಂತೆ ಅರಚುತ್ತಿದ್ದ. ಅಷ್ಟರಲ್ಲಿ ಒಬ್ಬ ಆಯಿ, ಅಂದರೆ ಅಜ್ಜಿ, ಕೆಂಪು ರಗ್ಗಿನ ದೊಡ್ಡ ಗಂಟೊಂದನ್ನು ಹೊತ್ತು ಒಳಗೆ ಬಂದಳು. ಹೆಸರು ಶರಣವ್ವ. ನಮ್ಮ ಕಡೆ ಜ್ವರ ಬಂದ ಕೂಸನ್ನು ಬೆವರಲಿ ಎಂದು ರಗ್ಗು, ಸ್ವೆಟರ್, ಕುಲಾಯಿ ಎಲ್ಲ ಸುತ್ತಿ ತರುತ್ತಾರೆ. ರಗ್ಗಿನ ಗಂಟು ನಡುಗುತ್ತಿತ್ತು. ಕುಲಾಯಿಯ ಕೆಳಗೆ ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿದ್ದವು, ಬಾಯಲ್ಲಿ ನೊರೆ. ಜ್ವರ ನೆತ್ತಿಗೇರಿ ಫಿಟ್ಸ್ ಬಂದಿತ್ತು.

ಡಾಕ್ಟರ್ ಬಿರಾದಾರರು ಹೆರಿಗೆ ವಾರ್ಡಿನಲ್ಲಿದ್ದರು. ಅವರನ್ನು ಕರೆತರಲು ದವಾಖಾನೆಯ ಆಯಾಳನ್ನು ಓಡಿಸಿದೆ. ಕೂಸನ್ನು ಮಗ್ಗಲಿಗೆ ಮಲಗಿಸಿ ಆಕ್ಸಿಜನ್ ಹಚ್ಚಿದೆ. ರಗ್ಗಿನಿಂದ ಒಂದು ಕೈ ಮಾತ್ರ ಎಳೆದು ಸಲೈನಿನ ಸೂಜಿ ಹಾಕಿದೆ, ಒಂದೇ ಸಲಕ್ಕೆ ನರ ಸಿಕ್ಕಿತು. ಎಲ್ಲಿಲ್ಲದ ಹುರುಪು ಬಂತು. ಕೈ ನಡುಗದ ದಿನ ಅಂದೆನಲ್ಲ, ಅದೇ ಇದು.

"ಆಯಿ, ವಯಸ್ಸ ಎಷ್ಟ?"

"ಆರ ತುಂಬ್ಯಾವ್ರಿ ಅವ್ವಾ. ನಿನ್ನೇ ಸಾಲಿಗಿ ಹೆಸರ ಹಚ್ಚೀವಿ."

ಫಿಟ್ಸಿಗೆ ಕೊಡುವ ಔಷಧ ತೂಕ ನೋಡಿ ಕೊಡಬೇಕಾದದ್ದು. ಕಮ್ಮಿಯಾದರೆ ಫಿಟ್ಸ್ ನಿಲ್ಲುವುದಿಲ್ಲ, ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಮಕ್ಕಳನ್ನು ಮೇಲೆ ನಿಲ್ಲಿಸಿ ತೂಗುವ ಕಾಟಾ ಇದ್ದದ್ದು ಲಸಿಕೆಯ ಖೋಲಿಯಲ್ಲಿ, ಆ ದವಾಖಾನೆಗೂ ಇನ್‌ಚಾರ್ಜ್ ಆಗಿ ಬಂದಿದ್ದ ಸರೋಜಾಬಾಯಿಯ ರಜಿಸ್ಟರಿನ ಪ್ರಕಾರ ಅಲ್ಲಿಂದ ಅಲುಗುವಂತಿಲ್ಲ. ಕ್ಯಾಜುವಾಲ್ಟಿಯಿಂದ ನಲವತ್ತು ಹೆಜ್ಜೆ. ಆಮೇಲೆ ನಾನು ಅದನ್ನು ಎಷ್ಟು ಸಲ ಎಣಿಸಿದ್ದೇನೆಂದರೆ ನಲವತ್ತು ಎಂಬುದು ಖಚಿತ. ನಡುಗುವ ಕೂಸನ್ನು ಹೊತ್ತು ಹೋಗಲಾಗದಿದ್ದರೆ ಕಾಟಾವನ್ನೇ ತರಬಹುದಿತ್ತು. ಅದೂ ಆಗದಿದ್ದರೆ ರಗ್ಗು ಬಿಚ್ಚಿ ಕಣ್ಣಳತೆಯಲ್ಲಿ ನೋಡಿ 'ಅಂದಾಜು' ಎಂದು ಹೇಳಬಹುದಿತ್ತು. ನಾನು ಏನೂ ಮಾಡಲಿಲ್ಲ. ಆರು ವರ್ಷ ಎಂದರೆ ಇಪ್ಪತ್ತು ಕೆಜಿ ಎಂದು ಮನಸ್ಸಿನಲ್ಲೇ ಗುಣಿಸಿ ಚೀಟಿಯ ಮೇಲೆ ಬರೆದುಬಿಟ್ಟೆ.

ಬಿರಾದಾರ ಡಾಕ್ಟರು ಓಡಿ ಬಂದು ಚೀಟಿ ನೋಡಿದರು. "ಸಿಸ್ಟರ್, ತೂಕ ನೋಡೀರೇನು?"

"ನೋಡೀನ್ರಿ ಸರ್."

ಎರಡೇ ಮಾತು. ನನ್ನ ಬಾಯಿಂದ ಅದು ಹೇಗೆ ಬಂತು ಎಂದು ಇವತ್ತಿಗೂ ತಿಳಿಯದು. ಪಕ್ಕದಲ್ಲಿ ತುಟಿ ಸೀಳಿದವನ ಚೀರಾಟ, ಕೈಯಲ್ಲಿ ಸಿರಿಂಜು, ಡಾಕ್ಟರ ಮುಂದೆ ಇಲ್ಲ ಎನ್ನಲು ನಾಚಿಕೆ. ಅವರು ಇಪ್ಪತ್ತು ಕೆಜಿಯ ಲೆಕ್ಕ ಹೇಳಿದರು, ನಾನು ಔಷಧ ತುಂಬಿ ಕೊಟ್ಟೆ, ಅವರು ಮೆಲ್ಲಗೆ ಏರಿಸಿದರು.

ಫಿಟ್ಸ್ ನಿಂತಿತು. ಗಂಟು ಸಡಿಲವಾಯಿತು. ಶರಣವ್ವ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಮ್ಮಪ್ಪ ಬಸವಣ್ಣ ನಿನ್ನ ರೂಪದಾಗ ಬಂದಾನವ್ವಾ" ಎಂದಳು. ನಾನು ಉಬ್ಬಿಹೋದೆ. ಡಾಕ್ಟರು ಮೇಜಿನ ಹತ್ತಿರ ಚೀಟಿ ಬರೆಯಲು ಕುಳಿತರು. ಕೂಸು ಸುಮ್ಮನಿದೆ, ಮಲಗಲಿ ಎಂದುಕೊಂಡು ನಾನು, ಚೀರುತ್ತಿದ್ದ ಹುಡುಗನ ತುಟಿಯ ಕಡೆ ತಿರುಗಿದೆ. ಸುಮ್ಮನಿದ್ದದ್ದನ್ನು ಮೊದಲು ನೋಡು ಎಂದು ಕಲಿತವಳು ನಾನು.

ಎಷ್ಟು ಹೊತ್ತೋ, ಒಂದು ನಿಮಿಷವೋ ಎರಡೋ. ಬೆನ್ನ ಹಿಂದಿನ ಮೌನ ಯಾಕೋ ಸರಿ ಅನ್ನಿಸಲಿಲ್ಲ. ತಿರುಗಿ ನೋಡಿದರೆ ರಗ್ಗಿನೊಳಗಿನ ಕೂಸಿನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ರಗ್ಗು ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ.

ರಗ್ಗು ಕಿತ್ತು ಎಸೆದೆ. ಸ್ವೆಟರ್ ಎರಡು, ಅಂಗಿ ಎರಡು. ಕತ್ತರಿಯಿಂದ ಸೀಳಿದೆ. ಒಳಗೆ ಕಂಡ ಮೈ ಆರು ವರ್ಷದ್ದಲ್ಲ. ಒಂದು ಹಿಡಿ ಎಲುಬು, ಅದರ ಮೇಲೆ ತೆಳ್ಳಗಿನ ಚರ್ಮ. ಹೆಸರು ಮಾತ್ರ ಭೀಮಾಶಂಕರ. ಬಿರಾದಾರ ಡಾಕ್ಟರು ಒಂದು ಕ್ಷಣ ಆ ಎದೆಯನ್ನು ನೋಡಿದರು, ಒಂದು ಕ್ಷಣ ನನ್ನನ್ನು ನೋಡಿದರು. ಮುಖಕ್ಕೆ ಮಾಸ್ಕ್ ಒತ್ತಿ, ಅದಕ್ಕೆ ಹೊಂದಿಸಿದ ರಬ್ಬರ್ ಚೀಲ ಹಿಚುಕಿ ಉಸಿರು ಕೊಡಲು ಶುರುಮಾಡಿದರು. ಅವರ ಕೈ ಸೋತಾಗ ನಾನು, ನನ್ನ ಕೈ ಸೋತಾಗ ಅವರು. ಪ್ರತಿ ಸಲ ಹಿಚುಕಿದಾಗಲೂ ಆ ಪುಟ್ಟ ಎದೆ ಏಳುತ್ತಿತ್ತು, ಬಿಟ್ಟರೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಶರಣವ್ವ ಗೋಡೆಗೆ ಆತು ಕುಳಿತು, "ಭೀಮೂ, ಸಾಲಿ ಬ್ಯಾಡ ಬಾರೋ, ಸಾಲಿ ಬ್ಯಾಡ" ಎಂದು ಒಂದೇ ಸಮನೆ ಅನ್ನುತ್ತಿದ್ದಳು. ಯಾಕೆ ಹಾಗೆ ಅನ್ನುತ್ತಾಳೆ ಎಂದು ನನಗೆ ಆಗ ಅರ್ಥವಾಗಲಿಲ್ಲ.

ಇಪ್ಪತ್ತು ನಿಮಿಷದ ಮೇಲೆ ಒಂದು ಉಸಿರು ತಾನಾಗಿ ಬಂತು. ಆಮೇಲೆ ಬಹಳ ಹೊತ್ತು ಬಿಟ್ಟು ಇನ್ನೊಂದು. ಕಲಬುರಗಿಗೆ ಕಳಿಸಲು ಆಂಬುಲೆನ್ಸ್ ಬಂತು. ಡಾಕ್ಟರು ಕಳಿಸುವ ಚೀಟಿಯಲ್ಲಿ 'ತೂಕ ನೋಡಿಲ್ಲ, ಔಷಧದ ಪ್ರಮಾಣ ಹೆಚ್ಚಾಗಿದೆ' ಎಂದು ತಮ್ಮ ಕೈಯಾರೆ ಬರೆದರು. ಬರೆದು ನನ್ನ ಕಡೆ ನೋಡದೆ, "ನಾನೂ ರಗ್ಗ ಬಿಚ್ಚಿ ನೋಡ್ಲಿಲ್ಲ. ಇಬ್ಬರದೂ ತಪ್ಪದ. ನೀವು ಸಂಗಟ ಹೋಗ್ರಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆ ಮಾತು ಇನ್ನೂ ನನ್ನ ಮೈಯಲ್ಲಿದೆ.

ಕಲಬುರಗಿಯ ದಾರಿಯುದ್ದಕ್ಕೂ ಭೀಮುವಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಕುಳಿತಿದ್ದೆ. ಉಸಿರು ಎಣಿಸುತ್ತಿದ್ದೆ, ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ. ಗಾಡಿ ಕುಲುಕಿದಾಗಲೆಲ್ಲ ಅದು ಅವನ ಉಸಿರೋ ಗಾಡಿಯ ಅಲುಗಾಟವೋ ತಿಳಿಯದೆ ಬಾಗಿ ಅವನ ಮೂಗಿಗೆ ನನ್ನ ಕೆನ್ನೆ ಹಿಡಿಯುತ್ತಿದ್ದೆ.

"ಆಯಿ, ಖರೇ ಹೇಳ್ರಿ. ವಯಸ್ಸ ಎಷ್ಟ?"

"ನಾಕ್ರಿ ಅವ್ವಾ," ಎಂದಳು ಶರಣವ್ವ. "ಯಾರ ಕೇಳಿದ್ರೂ ಆರು ಅನ್ನಬೇಕಂತ ಮನೀ ಮಂದಿಗೆಲ್ಲ ಕಲ್ಸಿದ್ದೆ. ಬಾಯಿಗಿ ಅದೇ ಬಂತು."

ನನ್ನ ಬಾಯಿಗೆ ಬಂದದ್ದನ್ನು ನಾನು ಹೇಳಲಿಲ್ಲ.

ಭೀಮು ಉಳಿದ. ಐದನೆಯ ದಿನ ಕಲಬುರಗಿಯ ದವಾಖಾನೆಯಿಂದ ತನ್ನ ಕಾಲ ಮೇಲೆ ಹೊರಬಂದ. ಹದಿನೈದು ದಿನದ ಮೇಲೆ ಶರಣವ್ವ ಶೇಂಗಾ ಹೋಳಿಗೆ ಮಾಡಿಕೊಂಡು ನನ್ನ ಹೆಸರು ಕೇಳುತ್ತಾ ಬಂದಳು. ಎಲ್ಲರ ಮುಂದೆ "ನನ್ನ ಮೊಮ್ಮಗನ ಜೀವ ಉಳಿಸಿದಾಕಿ" ಎಂದಳು. ಡಬ್ಬಿಯಲ್ಲಿದ್ದ ಹೋಳಿಗೆಯನ್ನೆಲ್ಲ ಸಹೋದ್ಯೋಗಿಗಳಿಗೆ ಹಂಚಿದೆ. ನಾನು ಒಂದು ಚೂರೂ ತಿನ್ನದೆ ಡಬ್ಬಿ ತೊಳೆದು ಅವಳಿಗೆ ವಾಪಸ್ ಕೊಟ್ಟೆ. ನನ್ನೊಳಗೆ ಕಳವಳ ಎಂಬುದು ಬಾಡಿಗೆ ಇಲ್ಲದೆ ಮನೆ ಮಾಡಿಕೊಂಡದ್ದು ಆವತ್ತಿನಿಂದ. ಉಸಿರಿಲ್ಲದ ಆ ಹೊತ್ತಿನಲ್ಲಿ ಅವನ ಮಿದುಳಿಗೆ ಏನಾದರೂ ಆಗಿದೆಯೋ, ಲೆಕ್ಕ ಬರುತ್ತದೋ, ಮಾತು ತೊದಲುತ್ತದೋ ಎಂದು ಸಂತೆಯಲ್ಲಿ ಸಿಕ್ಕಾಗಲೆಲ್ಲ ಪರೀಕ್ಷೆ ಮಾಡುತ್ತಿದ್ದೆ. "ಭೀಮೂ, ಏಳೂ ಎಂಟೂ ಕೂಡಿದ್ರ ಎಷ್ಟು?" ಅವನು ನನ್ನನ್ನು ಕಂಡರೆ ಬದನೆಕಾಯಿ ರಾಶಿಯ ಹಿಂದೆ ಅಡಗಲು ಶುರುಮಾಡಿದ.

ಭೀಮುವನ್ನು ಕಲಬುರಗಿಗೆ ಮುಟ್ಟಿಸಿ ಬಂದ ಮರುದಿನ ಮುಂಜಾನೆ ನಡೆದದ್ದೂ ಹೇಳಬೇಕು. ನಾನು ಡ್ಯೂಟಿಗೆ ಹೋದಾಗ ಕ್ಯಾಜುವಾಲ್ಟಿಯ ಹಾಸಿಗೆಯ ಕಾಲ ಹತ್ತಿರ ಆ ಕಾಟಾ ಇತ್ತು. ಸರೋಜಾಬಾಯಿ, ಹತ್ತಿಯ ಉಂಡೆಗೂ ಸಹಿ ಕೇಳುವ ನಮ್ಮ ಕೀಲಿಬಾಯಿ, ಅದನ್ನು ತಾವೇ ಹೊತ್ತು ತಂದು ಇಟ್ಟಿದ್ದರು. ನನಗೆ ಬೈಯಲಿಲ್ಲ. "ನಲವತ್ತು ಹೆಜ್ಜಿ ಭಾಳ ದೂರ ಆಯ್ತು ನಿಮಗ. ಈಗ ಹತ್ರ ಆಯ್ತಲ್ಲ" ಎಂದರು. ಅವರ ಕಣ್ಣು ಕೆಂಪಾಗಿದ್ದವು. ಕಾಟಾವನ್ನು ಅಲುಗಬಾರದ ಜಾಗದಲ್ಲಿ ಇಟ್ಟವರು ತಾವೇ ಎಂಬುದು ಅವರಿಗೂ ಗೊತ್ತಿತ್ತು.

ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಕೂಸು ಬಂದರೆ ಮೊದಲು ರಗ್ಗು ಬಿಚ್ಚು, ಉಸಿರು ನೋಡು, ಕಾಟಾಕ್ಕೆ ಹಾಕು. ನಿಲ್ಲಲಾಗದ ಕೂಸಾದರೆ ಅವ್ವನ ಜೊತೆ ತೂಗಿ, ಅವ್ವನನ್ನು ಒಬ್ಬಳನ್ನೇ ತೂಗಿ, ಕಳೆ. ಅವ್ವಂದಿರು ತಮ್ಮ ತೂಕ ಜೋರಾಗಿ ಹೇಳಬೇಡಿರೆಂದು ನಾಚಿಕೊಳ್ಳುತ್ತಿದ್ದರು. ತೂಗಲು ಆಗುವುದೇ ಇಲ್ಲ ಎಂದಾದರೆ ಅಂದಾಜು ಎಂದು ಬರೆ, ಅಂದಾಜು ಎಂದು ಬಾಯಿಬಿಟ್ಟು ಹೇಳು. 'ವಯಸ್ಸು ಮಂದಿ ಹೇಳ್ತಾರ, ತೂಕ ಕಾಟಾ ಹೇಳಬೇಕು' ಎಂದು ರಟ್ಟಿನ ಮೇಲೆ ಬರೆದು ಗೋಡೆಗೆ ಹಚ್ಚಿದೆ. ಆಮೇಲೆ ಯಾವ ಊರಿಗೆ ವರ್ಗವಾದರೂ ಆ ರಟ್ಟು ನನ್ನ ಟ್ರಂಕಿನಲ್ಲಿ ಬಂತು. ಈಗ ಉದ್ದಳತೆಯಿಂದಲೇ ತೂಕ ಹೇಳುವ ಬಣ್ಣದ ಟೇಪುಗಳಿವೆಯಂತೆ, ಬೆರಳಿಗೆ ಸಿಕ್ಕಿಸಿದರೆ ಆಕ್ಸಿಜನ್ ತೋರಿಸುವ ಕ್ಲಿಪ್ಪು ಎಲ್ಲ ಕಡೆ ಇದೆ. ಎಲ್ಲ ಒಳ್ಳೆಯದೇ. ಆದರೆ 'ನೋಡೀನ್ರಿ' ಎನ್ನುವ ನಾಲಿಗೆಗೆ ಇನ್ನೂ ಯಾವ ಯಂತ್ರವೂ ಬಂದಿಲ್ಲ.

ಹತ್ತು ವರ್ಷದ ಮೇಲೆ ಶರಣವ್ವ ಆಗ ನಾನಿದ್ದ ದವಾಖಾನೆಗೆ ಬಿಪಿ ತೋರಿಸಲು ಬಂದಳು. ಜೊತೆಗೆ ಭೀಮು, ನನಗಿಂತ ಒಂದು ಗೇಣು ಎತ್ತರ. ಅವನನ್ನು ನೀರು ತರಲು ಕಳಿಸಿ ನಾನು ಬಾಯಿಬಿಟ್ಟೆ. ತೂಕ ನೋಡದೆಯೇ ನೋಡಿದ್ದೇನೆಂದು ಡಾಕ್ಟರಿಗೆ ಸುಳ್ಳು ಹೇಳಿದ್ದೆ ಎಂದೆ, ಅದಕ್ಕೇ ಅವನ ಉಸಿರು ನಿಂತಿತು ಎಂದೆ. ಎಷ್ಟೋ ವರ್ಷ ಮನಸ್ಸಿನಲ್ಲಿ ತಿರುವಿದ ಮಾತು, ಹೇಳುವಾಗ ಎರಡು ಸಾಲಿನಲ್ಲಿ ಮುಗಿಯಿತು.

ಶರಣವ್ವ ಬಿಪಿ ಪಟ್ಟಿ ಕಟ್ಟಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಹೋಳಿಗಿ ತಂದ ದಿನಾನೇ ಹೇಳಬೇಕಿತ್ತವ್ವಾ ನೀನು," ಎಂದಳು. "ವಯಸ್ಸ ಸುಳ್ಳ ಹೇಳಿ ಮೊಮ್ಮಗನ ಕೊಲ್ಲಾಕ ಹೊಂಟಾಕಿ ನಾನೊಬ್ಬಾಕಿನೇ ಅಂತ ಇಷ್ಟ ವರ್ಷ ತಿಳಕೊಂಡಿದ್ದೆ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಭೀಮು ನೀರು ತಂದ, ಇಬ್ಬರೂ ಕುಡಿದೆವು. ನನ್ನ ಒಂದು ಸುಳ್ಳು ಅವಳ ಹೆಗಲ ಮೇಲೆ ಹತ್ತು ವರ್ಷ ಕುಳಿತಿತ್ತು ಎಂಬುದು ತಿಳಿದು ನನ್ನ ಕಳವಳ ಇಳಿಯುವ ಬದಲು ಇನ್ನಷ್ಟು ಏರಿತು.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಬುದ್ಧಿ ಕಲಿತ ಹೆಂಗಸಾಗಿ ಉಳಿಯುತ್ತಿದ್ದೆ. ಹೋದ ಚಳಿಗಾಲದಲ್ಲಿ ಆ ಬಿರುದೂ ಹೋಯಿತು.

ನನ್ನ ಮಗಳು ಆದಿತ್ಯನಗರದ ಸಿಮೆಂಟ್ ಕಾಲೊನಿಯಲ್ಲಿದ್ದಾಳೆ, ಅಳಿಯನಿಗೆ ಅಲ್ಲಿನ ಫ್ಯಾಕ್ಟರಿಯಲ್ಲೇ ಕೆಲಸ. ಅವಳ ಮಗ ಸಿದ್ದು, ಏಳು ವರ್ಷ. ಚಳಿ ಬಿದ್ದರೆ ಒಮ್ಮೊಮ್ಮೆ ದಮ್ಮು ಹತ್ತುತ್ತದೆ. ಅದು ಬಿಟ್ಟರೆ ಬಾಯಿ ಮುಚ್ಚುವ ಹುಡುಗನಲ್ಲ. ಅವನಿಗೆ ನನ್ನ ತವರು ಸನ್ನತಿ, ಅಲ್ಲಿನ ಭೀಮಾ ನದಿ ತೋರಿಸುತ್ತೇನೆಂದು ಸ್ವೆಟರ್, ಕುಲಾಯಿ ತೊಡಿಸಿ ಚಿತ್ತಾಪುರದ ಬಸ್ಸು ಹತ್ತಿಸಿದೆ. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ. ಕಂಡಕ್ಟರು ಸಿದ್ದುವಿನ ಕಡೆ ಕೈ ಮಾಡಿ, "ಹುಡುಗನ ವಯಸ್ಸ ಎಷ್ಟ್ರಿ?" ಎಂದ.

"ಐದ್ರಿ," ಎಂದೆ. ಯೋಚಿಸಲೂ ಇಲ್ಲ.

"ಆಯಿ, ನಂಗ ಏಳು!" ಎಂದ ಸಿದ್ದು. ತೊಡೆ ಚಿವುಟಿ ಸುಮ್ಮನಿರಿಸಿದೆ.

ಸುಮ್ಮನಾದ. ಕಿಟಕಿಯ ಕಡೆ ಮುಖ ಮಾಡಿ ಕುಳಿತ. ತೊಗರಿ ಹೊಲ ದಾಟಿತು, ಸುಣ್ಣಕಲ್ಲಿನ ಲಾರಿಗಳು ಧೂಳೆಬ್ಬಿಸಿ ದಾಟಿದವು, ಇವನದು ಮಾತಿಲ್ಲ. ಚಿವುಟಿದ್ದಕ್ಕೆ ಸಿಟ್ಟು ಮಾಡಿಕೊಂಡಿದ್ದಾನೆ ಎಂದು ನಾನೂ ಸುಮ್ಮನಿದ್ದೆ. ಸುಮ್ಮನಿದ್ದ ಕೂಸನ್ನು ಮೊದಲು ನೋಡು ಎಂದು ಮೂವತ್ತು ವರ್ಷ ಊರಿಗೆಲ್ಲ ಹೇಳಿದವಳು, ನನ್ನ ಮಗ್ಗಲಿನ ಕೂಸು ಸುಮ್ಮನಾದರೆ ಸಿಟ್ಟು ಅಂದುಕೊಂಡೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂದರೆ ಇದೇ. ಚಿತ್ತಾಪುರ ಸ್ಟ್ಯಾಂಡಿನಲ್ಲಿ ಇಳಿಸಲು ಹೆಗಲು ಮುಟ್ಟಿದಾಗಲೇ ಗೊತ್ತಾದದ್ದು. ಪ್ರತಿ ಉಸಿರಿಗೂ ಹೆಗಲು ಮೇಲೆ ಏಳುತ್ತಿತ್ತು, ಕೊರಳ ಕೆಳಗಿನ ಗುಳಿ ಒಳಗೆ ಎಳೆದುಕೊಳ್ಳುತ್ತಿತ್ತು. ಮಾತಾಡಲು ಅವನಲ್ಲಿ ಉಸಿರೇ ಇರಲಿಲ್ಲ.

ಆಟೋದಲ್ಲಿ ಕೂತದ್ದು, ದವಾಖಾನೆ ಮುಟ್ಟಿದ್ದು ನೆನಪಿಲ್ಲ. ಕ್ಯಾಜುವಾಲ್ಟಿಯಲ್ಲಿ ಒಬ್ಬಳು ಎಳೆಯ ಸಿಸ್ಟರ್. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ, ನನಗೂ ಆಗ ಗೊತ್ತಿರಲಿಲ್ಲ. ಕುಲಾಯಿ ತೆಗೆದಳು, ಸ್ವೆಟರ್ ಬಿಚ್ಚಿದಳು, ಬೆರಳಿಗೆ ಕ್ಲಿಪ್ ಹಾಕಿದಳು, ಔಷಧದ ಹೊಗೆ ಬರುವ ಮಾಸ್ಕ್ ಹಚ್ಚಿದಳು. ಡಾಕ್ಟರನ್ನು ಕರೆಯಲು ಹೇಳಿ ಕಳಿಸಿ, ಪೆನ್ನು ಹಿಡಿದು ನನ್ನ ಕಡೆ ತಿರುಗಿದಳು.

"ಆಯಿ, ಹುಡುಗನ ವಯಸ್ಸು?"

"ಐದು."

ಅದೇ ಬಂತು. ಶರಣವ್ವನ ಬಾಯಿಗೆ ಬಂದ ಹಾಗೆಯೇ ಬಂತು. ಅಷ್ಟೇ ಅಲ್ಲ, "ಹದಿನಾರು ಕೆಜಿ ಇರಬೇಕು, ಜಲ್ದಿ ಸೂಜಿ ಮಾಡ್ರಿ, ಸುಮ್ನ ಯಾಕ ನಿಂತೀರಿ!" ಎಂದು ಅರಚಿದೆ. ಯಾರನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತೋ ಆ ಸಂಬಂಧಿಕರ ಗುಂಪಿನಲ್ಲಿ ನಾನೇ ನಿಂತಿದ್ದೆ.

"ಅಂಜಬ್ಯಾಡ್ರಿ ಆಯಿ, ಮಾಸ್ಕ್ ಹಚ್ಚೀನಿ, ಉಸಿರು ತಗೊಳ್ಳಾಕತ್ತಾನ. ಕಾಟಾ ಇಲ್ಲೇ ಅದ," ಎಂದಳು. ಹಾಸಿಗೆಯ ಕಾಲ ಹತ್ತಿರವೇ ಇತ್ತು. ಮಾಸ್ಕಿನ ನಳಿಕೆ ಹಿಡಿದುಕೊಂಡೇ ಸಿದ್ದುವನ್ನು ಅದರ ಮೇಲೆ ನಿಲ್ಲಿಸಿದಳು. ಇಪ್ಪತ್ತೆರಡು ತೋರಿಸಿತು. ಅವಳು ಕಾಟಾ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಕಾಟಾ ನೋಡಿ ಇಪ್ಪತ್ತೆರಡು ಎಂದೇ ಬರೆದಳು. ಡಾಕ್ಟರು ಬಂದು ಅದೇ ಲೆಕ್ಕದಲ್ಲಿ ಸೂಜಿ ಬರೆದುಕೊಟ್ಟರು. ನಾನು ಬಾಯಿ ತೆರೆದು ಏಳು ಅನ್ನಬೇಕೆಂದರೂ ನಾಲಿಗೆ ಏಳಲಿಲ್ಲ. ಗೋಡೆಗೆ ಆತು ಕುಳಿತೆ.

ಅರ್ಧ ತಾಸು ಕಳೆಯಿತು. ಹೆಗಲು ಏಳುವುದು ಕಮ್ಮಿಯಾಯಿತು. ಕೊರಳ ಗುಳಿ ಒಳಗೆ ಎಳೆದುಕೊಳ್ಳುವುದು ನಿಂತಿತು. ಸಿದ್ದು ಮಾಸ್ಕನ್ನು ಒಂದು ಕೈಯಿಂದ ಸರಿಸಿ, ಸಣ್ಣ ದನಿಯಲ್ಲಿ ಮೊದಲ ಮಾತಾಡಿದ.

"ಸಿಸ್ಟರ್, ನಂಗ ಏಳು. ಆಯಿ ಸುಳ್ಳ ಹೇಳ್ಯಾಳ."

ಇಡೀ ನೌಕರಿಯಲ್ಲಿ ಯಾವ ಕೂಸಿನ ದನಿ ಕೇಳಿಯೂ ನನಗೆ ಅಷ್ಟು ಅಳು ಬಂದಿರಲಿಲ್ಲ.

"ಗೊತ್ತದೋ ಯಪ್ಪಾ," ಎಂದಳು ಆ ಹುಡುಗಿ, ಮಾಸ್ಕನ್ನು ಮತ್ತೆ ಸರಿಮಾಡುತ್ತಾ. "ಎಲ್ಲಾರ ಆಯಿಗೋಳೂ ಹೇಳ್ತಾರ. ಅದಕ್ಕೇ ಕಾಟಾ ಇಲ್ಲೇ ಇಟ್ಟೀವಿ."

ನಾನು ಎದ್ದು ಅವಳ ಹತ್ತಿರ ಹೋದೆ. ನಾನೂ ಸಿಸ್ಟರ್ ಆಗಿದ್ದೆ ಎಂದು ಹೇಳಲಿಲ್ಲ, ಹೇಳುವ ಮುಖ ಇರಲಿಲ್ಲ. ಚೀಟಿಯ ಮೇಲೆ ಐದು ಎಂದಿದ್ದ ಜಾಗಕ್ಕೆ ಬೆರಳಿಟ್ಟೆ.

"ಅವ ಖರೇ ಹೇಳ್ಯಾನವ್ವಾ," ಎಂದೆ. "ಏಳು ಬರಿ."